ಲಿಫ್ಟಿನವನಿಗೂ ಮಧ್ಯಾಹ್ನವೇ ಹಸಿವಾಗುತ್ತೆ

ನಮ್ಮ ಕಟ್ಟಡದ ಮಾನ್ಯ ಆಡಳಿತಾಧಿಕಾರಿಗಳೇ,

ನನ್ನ ದೂರು ಇಷ್ಟೇ: ಮಧ್ಯಾಹ್ನದ ಊಟ ನನಗೆ ಮಧ್ಯಾಹ್ನವೇ ಬೇಕು. ಅರ್ಜಿ ಕೊಟ್ಟರೆ ತಮ್ಮ ಮೇಜಿನ ಮೇಲೆ ನಿದ್ದೆ ಹೋಗುತ್ತೆ, ಅದಕ್ಕೇ ಪತ್ರಿಕೆಗೆ ಬರೀತಿದೀನಿ. ಎಲ್ಲರೂ ಎಂಟನೇ ಮಹಡಿಯ ಕ್ಯಾಂಟೀನಿಗೆ ಹತ್ತಿ, ತಿಂದು, ತೇಗಿ, ಇಳಿಯೋವರೆಗೆ ನಾನು ಲಿಫ್ಟ್ ಬಿಟ್ಟು ಕದಲಬಾರದು ಅನ್ನೋದು ತಮ್ಮ ಆಜ್ಞೆ. ಊಟದ ಹೊತ್ತಲ್ಲಿ ನಿಮ್ಮನ್ನೆಲ್ಲ ಹೊತ್ತು, ನನ್ನ ಹೊತ್ತು ಮೀರಿ, ನಾನು ಡಬ್ಬಿ ಬಿಚ್ಚೋದು ಸಂಜೆ ಚಹಾದ ವೇಳೆಗೆ. ಲಿಫ್ಟಲ್ಲೇ ಎರಡು ತುತ್ತು ಹಾಕ್ಕೊಂಡರೆ 'ವಾಸನೆ' ಅಂತ ನೋಟಿಸು!

ನನ್ನ ಸಕ್ಕರೆ ಕಾಯಿಲೆ ನೋಡೋ ಡಾಕ್ಟರಮ್ಮ ಹೇಳೋದೇ ಬೇರೆ. "ತಾತ, ಮಾತ್ರೆ ನುಂಗಿ ಊಟ ತಪ್ಪಿಸಬೇಡಿ, ಸಕ್ಕರೆ ಕುಸಿಯುತ್ತೆ. ಬಿಟ್ಟಿದ್ದನ್ನೆಲ್ಲ ರಾತ್ರಿ ಸೇರಿಸಿ ತಿಂದು ಮಲಗಿದರೆ ಸಕ್ಕರೆಯೂ ಏರುತ್ತೆ, ಬೊಜ್ಜೂ ಬರುತ್ತೆ." ನಾನಂದೆ, "ಏರೋದು, ಇಳಿಯೋದೇ ನನ್ನ ಕಸುಬು ತಾಯಿ." ಅವರು ನಗಲಿಲ್ಲ. ಮನೇಲಿ ಮೂರನೇ ಸಲ ತಟ್ಟೆ ಚಾಚಿದರೆ ನನ್ನಾಕೆಯೂ ನಗಲ್ಲ. "ರೀ, ಇದು ಹೊಟ್ಟೆಯೋ ಗೋದಾಮೋ?" ಅಂತಾಳೆ. ಹಗಲೆಲ್ಲ ಕಾದ ಹಸಿವು ಅವಳ ಮಾತು ಕೇಳುತ್ತಾ? ಅತ್ತ ಡಾಕ್ಟರು, ಇತ್ತ ತಾವು. ಎರಡು ಮಹಡಿ ನಡುವೆ ಕೆಟ್ಟು ನಿಂತ ಲಿಫ್ಟು ನಾನು.

ಮೊನ್ನೆ ಮಧ್ಯಾಹ್ನದ ನೂಕುನುಗ್ಗಲಲ್ಲಿ ಬೆವರು ಇಳೀತು, ಕಣ್ಣು ಮಂಜಾಯ್ತು. ಕ್ಯಾಂಟೀನಿಗೆ ಒಯ್ಯಬೇಕಾದವರನ್ನ ನೆಲಮಾಳಿಗೆಗೆ ಇಳಿಸಿಬಿಟ್ಟೆ. "ಶುರುವಾಯ್ತು ತಾತನ ಚೇಷ್ಟೆ!" ಅಂತ ಒಬ್ಬ ಗುಮಾಸ್ತ ಕೇಕೆ ಹಾಕಿದ. ಹಾಕದೇ ಇರ್ತಾನಾ? ಇದೇ ಲಿಫ್ಟಲ್ಲಿ "ಮುಂದಿನ ನಿಲ್ದಾಣ ಚಂದ್ರಲೋಕ" ಅಂತ ದಿನಾ ಕೂಗೋನು ನಾನು. ಸ್ಟೂಲಿಂದ ಜಾರಿ ಬಿದ್ದೆ. ಚಪ್ಪಾಳೆ ತಟ್ಟಿದರು! "ಏಳಿ ತಾತ, ನಾಟಕ ಸಾಕು, ಹೊಟ್ಟೆ ಚುರುಗುಟ್ತಿದೆ" ಅಂದ ಇನ್ನೊಬ್ಬ. ಯಾರ ಹೊಟ್ಟೆ, ಸ್ವಾಮಿ? ಕೊನೆಗೆ ಟೈಪಿಸ್ಟ್ ಅಮ್ಮ ಹಣೆ ಮುಟ್ಟಿ, "ಅಯ್ಯೋ, ತಣ್ಣಗಾಗಿದಾರೆ ಕಣ್ರೋ!" ಅಂತ ಚೀರಿ, ಬಾಯಿಗೆ ಪೆಪ್ಪರಮಿಂಟು ಹಾಕಿದಳು. ಇಲ್ಲದಿದ್ರೆ ಚಪ್ಪಾಳೆ ಕೇಳ್ತಾನೇ ಹೋಗಿಬಿಡ್ತಿದ್ದೆ. ಆ ಚಪ್ಪಾಳೆಯಲ್ಲಿ ತಮ್ಮ ಎರಡು ಕೈಗಳೂ ಇದ್ದವು.

ಈಗ ಹೇಳ್ತಿರೋದು ತಮಾಷೆಯಲ್ಲ, ನಂಬಿ. ಮಧ್ಯಾಹ್ನ ಅರ್ಧ ಗಂಟೆ ನನಗೊಬ್ಬ ಬದಲಿ ಆಳು ಕೊಡಿ. ಕೊಡೋವರೆಗೆ, ನಾಳೆಯಿಂದ ಊಟದ ವೇಳೆಗೆ ಲಿಫ್ಟನ್ನ ನೆಲಮಹಡಿಯಲ್ಲಿ ನಿಲ್ಲಿಸಿ, ಬಾಗಿಲು ಹಾರುಹೊಡೆದು, ಎಲ್ಲರೆದುರೇ ಡಬ್ಬಿ ಬಿಚ್ತೀನಿ. ಕೆಲಸದಿಂದ ತೆಗೀತೀರಾ? ತೆಗೀರಿ. ಆ ಆದೇಶ ಕೈಗೆ ಕೊಡೋಕೆ ತಾವು ಏಳನೇ ಮಹಡಿಯ ತಮ್ಮ ಕೋಣೆಯಿಂದ ಮೆಟ್ಟಿಲಲ್ಲೇ ಇಳಿದು ಬರಬೇಕು. ಬನ್ನಿ. ನಾನು ಉಣ್ತಾ ಇರ್ತೀನಿ; ಮುಗಿಯೋವರೆಗೆ ಸ್ವಲ್ಪ ಕಾಯಿರಿ.

ಇಂತಿ,
ತಮ್ಮನ್ನ ಎತ್ತಿ ಎತ್ತಿ ತಾನೇ ಕೆಳಗೆ ಬಿದ್ದ
ಲಿಫ್ಟ್ ತಾತ