ಸಾಲಕ್ಕೆ ಮೊದಲೇ ಹಣ ಕಟ್ಟಿದವರ ಬಡ್ಡಿ

ಬ್ಯಾಂಕಿನ ಕ್ರೆಡಿಟ್ ಕಾರ್ಡ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸಾಲ ಪಡೆದು ತೀರಿಸದವರಿಂದ ಬಡ್ಡಿ ವಸೂಲು ಮಾಡುವುದು ಬ್ಯಾಂಕುಗಳ ಕಸುಬು. ಅದರ ಬಗ್ಗೆ ನನ್ನ ತಕರಾರಿಲ್ಲ. ಸಾಲ ಪಡೆಯುವುದಕ್ಕೆ ಮೊದಲೇ ಹಣ ಕಟ್ಟಿದವರಿಂದ ಬಡ್ಡಿ ವಸೂಲು ಮಾಡಿದ ಕೀರ್ತಿ ಮಾತ್ರ, ನಾನು ಕಂಡಮಟ್ಟಿಗೆ, ತಮ್ಮ ವಿಭಾಗಕ್ಕೇ ಸಲ್ಲಬೇಕು. ನನ್ನಿಂದಲೂ, ನನ್ನೊಡನೆ ಒಂದೇ ಶಾಲೆಯಲ್ಲಿ ದುಡಿದು ನಿವೃತ್ತಳಾದ ಹೊಲಿಗೆ ಶಿಕ್ಷಕಿಯಿಂದಲೂ ತಾವು ಹೀಗೆಯೇ ವಸೂಲು ಮಾಡಿದ್ದೀರಿ. ಶಾಖೆಗೆ ಅಲೆದು, ಪತ್ರಗಳನ್ನು ಬರೆದು, ಉತ್ತರವಾಗಿ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ವಾಕ್ಯವನ್ನು ಪಡೆದ ಬಳಿಕ ಎಲ್ಲರೂ ಓದುವ ಕಡೆ ಇದನ್ನು ಬರೆಯುತ್ತಿದ್ದೇನೆ. ನಾನು ತಿಳಿಸಿದ್ದು ಅಭಿಪ್ರಾಯವನ್ನಲ್ಲ, ನಡೆದ ಸಂಗತಿಯನ್ನು. ಇವೆರಡರ ವ್ಯತ್ಯಾಸವನ್ನು ನಮ್ಮ ಶಾಲೆಯಲ್ಲಿ ಐದನೆಯ ತರಗತಿಗೆ ಕಲಿಸುತ್ತಿದ್ದೆವು.

ಹೊಲಿಗೆ ಶಿಕ್ಷಕಿ ನನಗಿಂತ ಕಿರಿಯಳು. ನನ್ನನ್ನು ಅಕ್ಕ ಎನ್ನುತ್ತಾಳೆ. ಪರದೇಶದ ಒಂದು ವಸ್ತುಸಂಗ್ರಹಾಲಯದಲ್ಲಿ ಶತಮಾನಗಳ ಹಿಂದಿನ ಕಸೂತಿಯ ನಿಲುವಂಗಿಗಳಿವೆ ಎಂದು ಪತ್ರಿಕೆಯಲ್ಲಿ ಓದಿ, ಆ ಪುಟವನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡು ವರ್ಷಗಳನ್ನೇ ಕಳೆದವಳು. ಇಬ್ಬರೂ ನಿವೃತ್ತರಾದ ಮೇಲೆ ನೋಡಿಬರಲು ನಿಶ್ಚಯಿಸಿಯೇ ಬಿಟ್ಟೆವು. ಖರ್ಚಿನ ನಗದನ್ನೆಲ್ಲ ಒಯ್ಯಲು ಅವಳು ತನ್ನ ಉಡುಪಿಗೆ ಒಂದು ಒಳಜೇಬನ್ನೂ ಹೊಲಿದುಕೊಂಡಿದ್ದಳು.

“ದುಡ್ಡು ಮೈಮೇಲೇ ಇದ್ರೆ ಒಂಥರಾ ಧೈರ್ಯ ಅಕ್ಕಾ.”

“ಕಳ್ಳನಿಗೂ ಅಷ್ಟೇ ಧೈರ್ಯ ಬರುತ್ತೆ ಕಣೇ. ಸುಮ್ನೆ ಕಾರ್ಡ್ ತಗೋ,” ಎಂದೆ.

ಪಿಂಚಣಿದಾರರ ಬೆನ್ನುಬಿದ್ದು ತಮ್ಮ ಶಾಖೆಯವರು ಹಂಚುತ್ತಿದ್ದ ಕಾರ್ಡನ್ನು ನನ್ನಂತೆ ಅವಳೂ ಪಡೆದದ್ದು ನನ್ನ ಒಂದು ಮಾತಿನ ಮೇಲೆ. ಆದ್ದರಿಂದ ನಿಯಮಗಳನ್ನು ಓದುವ ಹೊಣೆಯೂ ನನ್ನದೇ ಆಯಿತು. ತಮ್ಮ ನಿಯಮಪುಸ್ತಿಕೆಯನ್ನು ಭೂತಗನ್ನಡಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದವರು ತಮ್ಮ ಕಚೇರಿಯಲ್ಲಿ ಎಷ್ಟು ಮಂದಿಯೋ ತಿಳಿಯದು; ಹೊರಗೆ ನಾನೊಬ್ಬಳಿದ್ದೇನೆ. ಅಲ್ಲಿ ಕಲಿತದ್ದಿಷ್ಟು. ಕಾರ್ಡಿನಿಂದ ವಸ್ತು ಕೊಂಡರೆ ಗಡುವಿನವರೆಗೆ ಬಡ್ಡಿಯಿಲ್ಲ. ಅದೇ ಕಾರ್ಡಿನಿಂದ ನಗದು ತೆಗೆದರೆ ನೋಟು ಕೈಗೆ ಬಂದ ದಿನದಿಂದಲೇ ಬಡ್ಡಿ. ತೆಗೆದಷ್ಟು ಬಾರಿಯೂ ಬೇರೆ ಶುಲ್ಕ. ಪರದೇಶವಾದರೆ ಅದರ ಮೇಲೆ ಇನ್ನೊಂದು. ಇದಕ್ಕೆ ತಾವಿಟ್ಟಿರುವ ಹೆಸರು ‘ನಗದು ಸೌಲಭ್ಯ’. ಹಳ್ಳಕ್ಕೆ ಇಳಿಜಾರು ಕಡಿದುಕೊಟ್ಟವನೂ ಅದನ್ನು ಸೌಲಭ್ಯವೆಂದೇ ಕರೆದಾನು.

ಹಾಗಾಗಿ ಕ್ರಮವೊಂದನ್ನು ಗೊತ್ತುಮಾಡಿದೆ. ಕಾರ್ಡು ನಡೆಯುವ ಕಡೆಯೆಲ್ಲ ಕಾರ್ಡನ್ನೇ ಕೊಡುವುದು. ನಗದು ಅನಿವಾರ್ಯವಾದರೆ ಚೂರುಚೂರಾಗಿ ತೆಗೆಯದೆ ಒಮ್ಮೆಗೇ ತೆಗೆಯುವುದು. ನಗದು ಕೊಡುವ ಯಂತ್ರವು ‘ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ?’ ಎಂದು ಪ್ರೀತಿ ತೋರಿಸಿದರೆ ಬೇಡವೆನ್ನುವುದು. ಆ ಪ್ರೀತಿಗೂ ದರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾಗಬಹುದಾದ ಮೊತ್ತವನ್ನು ಹೊರಡುವ ಮುನ್ನವೇ ಕಾರ್ಡಿನ ಖಾತೆಗೆ ಕಟ್ಟಿಡುವುದು. ನಮ್ಮದೇ ಹಣವನ್ನು ನಾವು ತೆಗೆದುಕೊಂಡರೆ ಅದು ಸಾಲವಲ್ಲ. ಸಾಲವಲ್ಲದ್ದಕ್ಕೆ ಬಡ್ಡಿಯೂ ಇಲ್ಲ. ಉಳಿತಾಯ ಖಾತೆಯ ಕಾರ್ಡು ಪರದೇಶದಲ್ಲಿ ನಡೆಯದೆಂದು ಶಾಖೆಯವರೇ ಹೇಳಿದ್ದರಿಂದ ನಮಗೆ ಬೇರೆ ದಾರಿಯೂ ಇರಲಿಲ್ಲ. ಆದರೂ ತಮ್ಮ ಸಹಾಯವಾಣಿಗೆ ಕರೆಮಾಡಿ ಕೇಳಿದೆ.

“ಹೌದು ಮೇಡಂ, ಜಮೆ ಇದ್ರೆ ಬಡ್ಡಿ ಬರೋದೇ ಇಲ್ಲ,” ಎಂದಿತು ಆ ಕಡೆಯ ದನಿ.

“ಖಚಿತವಾಗಿ?”

“ನೂರಕ್ಕೆ ನೂರು, ಮೇಡಂ.”

ನೂರಕ್ಕೆ ನೂರು ಅಂಕವನ್ನು ನಾನು ಯಾರಿಗೂ ಸುಲಭವಾಗಿ ಕೊಟ್ಟವಳಲ್ಲ. ಆ ದನಿಗೆ ಕೊಟ್ಟೆ. ಇಬ್ಬರೂ ಹಣ ಕಟ್ಟಿ ಹೊರಟೆವು.

ಆ ಊರಿನಲ್ಲಿ ನಾವು ಇಳಿದುಕೊಂಡ ತಂಗುಮನೆಯ ಒಡತಿ ಕಾರ್ಡನ್ನು ಕಂಡು ತಲೆಯಾಡಿಸಿ, ಮೇಜಿನ ಮೇಲಿದ್ದ ತಗಡಿನ ಡಬ್ಬಿಯನ್ನು ಬೆರಳಿನಿಂದ ತಟ್ಟಿದಳು. ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಬೀದಿಯ ಕೊನೆಯಲ್ಲಿದ್ದ ಯಂತ್ರದ ಮುಂದೆ ಹೊಲಿಗೆ ಶಿಕ್ಷಕಿ ನನ್ನ ಬೆನ್ನ ಹಿಂದೆ ಕೊಡೆ ಬಿಚ್ಚಿ ನಿಂತಳು.

“ಮಳೆ ಎಲ್ಲೇ ಬರ್ತಿದೆ?”

“ಮಳೆಗಲ್ಲ ಅಕ್ಕಾ, ನೋಡೋರ ಕಣ್ಣಿಗೆ. ನೀವು ನಂಬರ್ ಒತ್ತಿ.”

ಒತ್ತಿದೆ. ಅವಳೂ ಒತ್ತಿದಳು. ನೋಟು ಎಣಿಸಿಕೊಳ್ಳುತ್ತ ಅವಳು ನನ್ನತ್ತ ನೋಡಿದ ನೋಟದಲ್ಲಿ, ಅಕ್ಕ ಹೇಳಿದಂತೆಯೇ ಆಯಿತೆಂಬ ಹೆಮ್ಮೆಯಿತ್ತು. ಮರುದಿನ ಅವಳು ಆ ನಿಲುವಂಗಿಗಳ ಗಾಜಿಗೆ ಮೂಗು ತಾಗಿಸಿ ನಿಂತವಳು ಕಾವಲಿನವನು ಬಂದು ಕೆಮ್ಮುವವರೆಗೆ ಕದಲಲಿಲ್ಲ.

ಮನೆಗೆ ಮರಳಿದ ಮೇಲೆ ಕಾರ್ಡಿನ ತಿಂಗಳ ಲೆಕ್ಕದ ತಮ್ಮ ತಃಖ್ತೆ ಬಂತು: ನಗದಿನ ಮೇಲೆ ಬಡ್ಡಿ, ಶುಲ್ಕ, ಅವೆರಡರ ಮೇಲೆ ತೆರಿಗೆ. ಶುಲ್ಕವನ್ನು ನಿರೀಕ್ಷಿಸಿದ್ದೆ. ಬಡ್ಡಿ ಎಲ್ಲಿಂದ ಬಂತು? ಕೆದಕಿದಾಗ ತಿಳಿದದ್ದು ಇದು. ನಮ್ಮ ವಿಮಾನ ಆಕಾಶದಲ್ಲಿದ್ದಾಗ ತಮ್ಮ ಗಣಕಯಂತ್ರವು ನಮ್ಮ ಕಾರ್ಡಿನ ಖಾತೆಗಳಲ್ಲಿ ‘ಹೆಚ್ಚುವರಿ ಜಮೆ’ಯನ್ನು ಪತ್ತೆಹಚ್ಚಿ, ಯಾರನ್ನೂ ಕೇಳದೆ, ಅದನ್ನು ಉಳಿತಾಯ ಖಾತೆಗಳಿಗೆ ಹಿಂದಿರುಗಿಸಿತ್ತು. ಸಂದೇಶವನ್ನೂ ಕಳುಹಿಸಿತ್ತಂತೆ; ಆದರೆ ಆ ದೇಶದಲ್ಲಿ ನಮ್ಮ ಫೋನುಗಳು ಬರಿಯ ಗಡಿಯಾರಗಳಾಗಿದ್ದವು. ನಾವು ಯಂತ್ರದ ಮುಂದೆ ಕೊಡೆ ಹಿಡಿದು ನಿಂತಾಗ, ನಮಗೆ ತಿಳಿಯದೆಯೇ ಸಾಲಗಾರರಾಗಿದ್ದೆವು. ಕೂಡಲೇ ಪೂರ್ತಿ ಕಟ್ಟಿದೆ. ಮುಂದಿನ ತಿಂಗಳು, ತಃಖ್ತೆ ಬರೆದ ದಿನದಿಂದ ನಾನು ಕಟ್ಟಿದ ದಿನದವರೆಗಿನ ‘ಶೇಷ ಬಡ್ಡಿ’ ಎಂದು ಮತ್ತಷ್ಟು ಬಂತು. ನೆಂಟರು ಹೋದರೂ ಅವರ ಕೆಮ್ಮು ಮನೆಯಲ್ಲೇ ಉಳಿದಂತೆ.

ಶಾಖೆಯಲ್ಲಿ, ಗಾಜಿನ ಆಚೆ ಕುಳಿತಿದ್ದ ಅಧಿಕಾರಿ ಸಜ್ಜನನೇ. ತಃಖ್ತೆಯನ್ನು ನೋಡಿ ತಲೆ ಕೆರೆದುಕೊಂಡ.

“ಮೇಡಂ, ಮುಂಚೇನೇ ದುಡ್ಡು ಕಟ್ಟೋ ಅಭ್ಯಾಸ ಯಾರಿಗೂ ಇಲ್ಲ. ಅದಕ್ಕೇ ಸಿಸ್ಟಮ್‌ಗೆ ಅನುಮಾನ ಬಂದಿದೆ.”

“ತಡವಾಗಿ ಕಟ್ಟಿದ್ರೆ?”

“ಆಗ ಅನುಮಾನ ಬರಲ್ಲ ಮೇಡಂ. ದಂಡ ಬರುತ್ತೆ.”

“ಹಾಗಾದ್ರೆ ಯಾವಾಗ ಕಟ್ಟಬೇಕಪ್ಪ?”

ಅವನು ಪಾಪ, ನೀರು ಕುಡಿದ.

ಮಾನ್ಯರೇ, ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬಡ್ಡಿಯ ಮೊತ್ತ ನನ್ನನ್ನು ಬೀದಿಗೆ ತರುವಂಥದ್ದಲ್ಲ. ಹೊಲಿಗೆ ಶಿಕ್ಷಕಿಯ ಪಿಂಚಣಿ ನನ್ನದಕ್ಕಿಂತ ಕಡಿಮೆ. ಆದರೂ ಅವಳು ಜಗಳಕ್ಕೆ ಬರಲಿಲ್ಲ. ಒಂದು ಸಂಜೆ ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತಳು.

“ಕಟ್ಬಿಟ್ಟೆ ಅಕ್ಕಾ. ನೀವು ತಲೆ ಕೆಡಿಸ್ಕೋಬೇಡಿ. ಅಷ್ಟು ಸಣ್ಣ ಅಕ್ಷರ, ಯಾವ್ದೋ ಒಂದು ಸಾಲು ಕಣ್ತಪ್ಪಿರುತ್ತೆ. ಯಾರಿಗೂ ಆಗೋದೇ.”

“ಯಾವ ಸಾಲೂ ಕಣ್ತಪ್ಪಿಲ್ಲ ಕಣೇ. ತಪ್ಪು ಬ್ಯಾಂಕಿನದು,” ಎಂದು ಪುಸ್ತಿಕೆಯನ್ನು ತೆರೆದು, ಬಾಕಿಯಿದ್ದರಷ್ಟೇ ಬಡ್ಡಿ ಎಂಬ, ಅಡಿಗೆರೆ ಎಳೆದಿದ್ದ ನಿಯಮವನ್ನು ತೋರಿಸಿದೆ.

“ಹೌದಕ್ಕಾ, ಹೌದಕ್ಕಾ,” ಎಂದಳು. ಜ್ವರದಲ್ಲಿ ಬಡಬಡಿಸುವವರನ್ನು ಸಮಾಧಾನಪಡಿಸುವ ದನಿಯದು. ಅಚ್ಚು ಹಾಕಿ ಕಳುಹಿಸಿದ ಬ್ಯಾಂಕು ಸುಳ್ಳಾಡುವುದಿಲ್ಲ, ವಯಸ್ಸಾದ ಅಕ್ಕ ಎಡವಿರುತ್ತಾಳೆ ಎಂದು ಅವಳು ತೀರ್ಮಾನಿಸಿಯಾಗಿತ್ತು. ತೀರ್ಮಾನಿಸಿ, ಕ್ಷಮಿಸಿಯೂ ಆಗಿತ್ತು.

ಅಂದಿನಿಂದ ನಾನು ಬಸ್ಸಿನ ವೇಳೆ ಹೇಳಿದರೆ ಅವಳು ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಾಳೆ. ಮುಂದಿನ ವರ್ಷ ಮತ್ತೊಂದು ದೇಶದ ಕಸೂತಿಯನ್ನು ನೋಡಿಬರೋಣವೆಂದು ಅಲ್ಲಿಯೇ, ಆ ನಿಲುವಂಗಿಗಳ ಗಾಜಿನ ಮುಂದೆಯೇ ನಿಂತು ಮಾತಾಡಿಕೊಂಡಿದ್ದೆವು. ಈಗ ಕೇಳಿದರೆ “ನೋಡೋಣ ಬಿಡಿ ಅಕ್ಕಾ” ಎನ್ನುತ್ತಾಳೆ. ಈ ‘ನೋಡೋಣ’ಕ್ಕೆ ಏನರ್ಥವೆಂದು ಕನ್ನಡ ಬಲ್ಲ ಯಾರಿಗೂ ವಿವರಿಸಬೇಕಾಗಿಲ್ಲ. ಮಾಡಿದ ತಪ್ಪಿಗೆ ಶಿಕ್ಷೆ ಅನುಭವಿಸುವುದು ಕಷ್ಟವೆನ್ನುತ್ತಾರೆ. ಮಾಡದ ತಪ್ಪಿಗೆ ಕ್ಷಮೆಯನ್ನು ಅನುಭವಿಸಿ ನೋಡಬೇಕು ತಾವು.

ಆದ್ದರಿಂದ ನನ್ನ ಬೇಡಿಕೆ. ಹೆಚ್ಚುವರಿ ಜಮೆಯನ್ನು ಖಾತೆದಾರರ ಒಪ್ಪಿಗೆಯಿಲ್ಲದೆ ಹಿಂದಿರುಗಿಸಬೇಡಿ. ಹಿಂದಿರುಗಿಸುವುದೇ ನಿಯಮವಾದರೆ ಅದನ್ನು ಪುಸ್ತಿಕೆಯ ಮೊದಲ ಪುಟದಲ್ಲಿ, ಮನುಷ್ಯರ ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಅಚ್ಚು ಹಾಕಿಸಿ. ನನ್ನ ಬಡ್ಡಿಯನ್ನು ತಾವೇ ಇಟ್ಟುಕೊಳ್ಳಿ ಎಂದು ಬರೆದು ಔದಾರ್ಯ ಮೆರೆಯಬಹುದಿತ್ತು, ಬರೆಯುವುದಿಲ್ಲ. ಇಬ್ಬರದ್ದನ್ನೂ ಹಿಂದಿರುಗಿಸಿ. ಆದರೆ ಅದಕ್ಕೂ ಮೊದಲು ಹೊಲಿಗೆ ಶಿಕ್ಷಕಿಗೆ ಒಂದು ಪತ್ರ ಬರೆಯಿರಿ. ತಪ್ಪು ಬ್ಯಾಂಕಿನದೆಂದೂ, ಹಣವನ್ನು ಮೊದಲೇ ಕಟ್ಟಿಡಲು ಹೇಳಿದವರು ಸರಿಯಾಗಿಯೇ ಹೇಳಿದ್ದರೆಂದೂ ಅದರಲ್ಲಿರಲಿ. ಅಭಿಪ್ರಾಯ, ಅಮೂಲ್ಯ ಮೊದಲಾದ ಪದಗಳು ಬೇಡ.

ದಯವಿಟ್ಟು ಅದನ್ನು ಅವಳ ವಿಳಾಸಕ್ಕೇ ಕಳುಹಿಸಿ. ನಾನು ಒಯ್ದು ತೋರಿಸಿದರೆ ಅವಳು ಓದುವುದಿಲ್ಲ, ಹೌದಕ್ಕಾ ಎನ್ನುತ್ತಾಳೆ.

ಇಂತಿ,
ಲೆಕ್ಕ ಸರಿಯಿದ್ದೂ ಕ್ಷಮೆಗೆ ಪಾತ್ರಳಾಗಿ ಕುಳಿತಿರುವ
ನಿವೃತ್ತ ಮುಖ್ಯೋಪಾಧ್ಯಾಯಿನಿ