ಉಪ್ಪಿನ ಗದ್ದೆಯ ಕಾದಂಬರಿಗಳು ರದ್ದಿಗೆ ಹೋದ ಬಗ್ಗೆ

ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ಉಪ್ಪಿನ ಗದ್ದೆಯ ಕಡೆಯ ಕಾದಂಬರಿಗಳನ್ನೆಲ್ಲ ತಾವು ರದ್ದಿಗೆ ಹಾಕಿಸಿದ್ದೀರಿ. ‘ಒಂದು ಪ್ರದೇಶಕ್ಕೆ ಸೀಮಿತವಾದ, ಬೇಡಿಕೆಯಿಲ್ಲದ ಕೃತಿಗಳು’ ಎಂಬ ತಮ್ಮ ಪ್ರಕಟಣೆಯನ್ನು ಗೋಡೆಯ ಮೇಲೆ ಓದಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈಗೀಗ ನನಗೆ ಏನೂ ಬರುವುದಿಲ್ಲ. ಯಾವ ಪ್ರದೇಶಕ್ಕೂ ಸೇರದ ಮನುಷ್ಯರು ಎಲ್ಲಿರುತ್ತಾರೆಂದು ಮಾತ್ರ ತಿಳಿಸುವ ಕೃಪೆ ಮಾಡುವಿರಾ?

ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ನನ್ನ ಹೆಂಡತಿ ಉಪ್ಪಿನ ಗದ್ದೆಗಳ ಊರಲ್ಲಿ ಹುಟ್ಟಿದವಳು. ಆ ಊರಿನ ಲೇಖಕಿಯೊಬ್ಬರು ಬರೆದದ್ದೆಲ್ಲ ಅಲ್ಲಿನ ಜನರ ಬಗ್ಗೆಯೇ. ಇವಳು ಆಸ್ಪತ್ರೆ ಸೇರಿ, ಎದ್ದು ಕೂರಲೂ ಆಗದಂತಾದಾಗ, ಆ ಲೇಖಕಿಯ ಕಾದಂಬರಿಯೊಂದರ ಮೊದಲ ಸಂಪುಟವನ್ನು ತಮ್ಮಲ್ಲಿಂದ ತಂದು ದಿನಾ ಮಧ್ಯಾಹ್ನ ಅವಳಿಗೆ ಓದಿ ಹೇಳತೊಡಗಿದೆ. ಅದರಲ್ಲೊಬ್ಬ ಅತ್ತೆ. ಸೊಸೆ ಉಪ್ಪು ಗುಡ್ಡೆಹಾಕುವ ರೀತಿಗೂ ಕೊಂಕು ತೆಗೆಯುವವಳು.

“ಥೇಟ್ ನಮ್ಮ ದೊಡ್ಡಮ್ಮ ಕಣ್ರೀ! ಮೊಸರಲ್ಲೂ ಕಲ್ಲು ಹುಡುಕೋಳು” ಎಂದು ನಗುವಳು. ನಕ್ಕರೆ ನೋವು. ಆದರೂ “ಓದಿ, ನಿಲ್ಲಿಸ್ಬೇಡಿ” ಅನ್ನುವಳು.

ಸೊಸೆ ಜಗಳವಾಡಿ ಮನೆ ಬಿಟ್ಟು ಹೊರಡುವಲ್ಲಿಗೆ ಆ ಸಂಪುಟ ಮುಗಿಯಿತು. ಎರಡನೆಯದಕ್ಕೆ ಬಂದರೆ ಕಪಾಟು ಬರಿದು. “ನಿನ್ನೆ ರದ್ದಿಯವನು ಒಯ್ದ ಸಾರ್, ಮೇಲಿನವರ ಆರ್ಡರ್” ಎಂದರು ತಮ್ಮ ಸಿಬ್ಬಂದಿ. ಬೇಡಿಕೆಯಿಲ್ಲವೆಂದಿರಲ್ಲ, ಆಗ ಕಪಾಟಿನೆದುರು ನಿಂತಿದ್ದ ನಾನು ಏನು, ಕಂಬವೇ? ರದ್ದಿ ಅಂಗಡಿಗೆ ಓಡಿದೆ, ಕಾಗದದ ಲಾರಿ ಹೋಗಿಯಾಗಿತ್ತು. ಪುಸ್ತಕದಂಗಡಿಗಳಲ್ಲಿ ಅದೀಗ ಅಚ್ಚಿನಲ್ಲಿಲ್ಲ ಎಂದರು.

ಮರುದಿನ ಸಂಚಾರ ನಿಯಮಗಳ ಪುಸ್ತಕ ತೆರೆದಿಟ್ಟುಕೊಂಡು, ಕತೆಯನ್ನು ನಾನೇ ಕಟ್ಟಿ ಓದಿದೆ. ಅವಳು ಸ್ವಲ್ಪ ಹೊತ್ತು ಕೇಳಿದಳು.

“ರೀ, ನಮ್ಮ ಕಡೆಯವಳು ಹೀಗೆಲ್ಲ ಅತ್ತೆ ಕಾಲಿಗೆ ಬೀಳಲ್ಲ. ಇದು ನೀವು ಕಟ್ಟಿದ್ದು.”

“ಹೌದು” ಎಂದೆ.

“ಹೋಗ್ಲಿ ಬಿಡಿ. ಆ ಹುಡುಗಿ ಎಲ್ಲಿದ್ರೂ ಚೆನ್ನಾಗಿರ್ಲಿ.”

ಆ ವಾರವೇ ತೀರಿಕೊಂಡಳು. ನನಗೆ ಅಳುವೂ ಬರಲಿಲ್ಲ.

ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ಇಷ್ಟು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದ ಪಕ್ಕದ ಹಾಸಿಗೆಯ ಅಜ್ಜಿ ನನ್ನ ತೋಳು ಹಿಡಿದುಕೊಂಡರು.

“ಅಲ್ಲಪ್ಪಾ, ಆ ಹುಡುಗಿ ಕೊನೆಗೆ ಮನೆಗೆ ಬಂದಳಾ?”

ಆ ಅಜ್ಜಿ ಉಪ್ಪಿನ ಗದ್ದೆಯನ್ನು ಕಣ್ಣಾರೆ ಕಂಡವರೇ ಅಲ್ಲವಂತೆ. ಉಪ್ಪು ತಿಂದವರೆಲ್ಲ ಒಂದೇ ಪ್ರದೇಶದವರಲ್ಲವಷ್ಟೆ, ಮಾನ್ಯರೇ?

ಆ ಎರಡನೆಯ ಸಂಪುಟ ಎಲ್ಲಿದ್ದರೂ ತರಿಸಿಕೊಡಿ. ಬೇಗ ತರಿಸಿ. ಅಜ್ಜಿ ಇನ್ನೂ ಅದೇ ಹಾಸಿಗೆಯಲ್ಲಿದ್ದಾರೆ. ಓದಲು ನಾನಿದ್ದೇನೆ.

ಇಂತಿ,
ಮಧ್ಯಾಹ್ನಗಳು ಖಾಲಿಯಿರುವ ಒಬ್ಬ ಸದಸ್ಯ