ಎಡಗಾಲಿಗೆ ಐದು, ಬಲಗಾಲಿಗೆ ಏಳು

ಗದಗ
ಫೆಬ್ರವರಿ ೩೦, ೨೧೪೮

ನಿಮ್ಮ ಸಣ್ಣ ಅಂಗಡಿಗೊಂದು ವೆಬ್‌ಸೈಟ್ ಬೇಕೆಂದು ಹೊರಟು, ಯಾವ ಸಾಫ್ಟ್‌ವೇರ್ ಹಿಡಿಯಬೇಕೆಂದು ತಿಳಿಯದೆ ಕುಳಿತಿರುವ ನಿಮಗೆ ನಮಸ್ಕಾರ.

ದಿನಾಂಕ ನೋಡಿ ಗಾಬರಿಯಾಗಬೇಡಿ. ನಮ್ಮ ಹಿಂದಿನವರು ತಿಂಗಳುಗಳನ್ನೆಲ್ಲ ಸರಿಸಮ ಮಾಡಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕವು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ರೆಕಾರ್ಡಿಂಗ್‌ಗಳನ್ನು ಕೇಳಿ ಕಲಿತವಳು. ಎಲ್ಲಾದರೂ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಸಿರಿಗೌರಿ ಕಟ್ಟೀಮನಿ. ಚಪ್ಪಲಿ ಮಾಡುವುದು ನಮ್ಮ ಮನೆತನದ ಕೆಲಸ. ಈಗ ಊರೊಳಗೆ ವಾಹನಗಳಿಲ್ಲ, ಇರುವುದೆಲ್ಲ ನಡೆಬೀದಿಗಳು. ಅವುಗಳ ಮೇಲೆ ಉದ್ದಕ್ಕೂ ನೆರಳುಹಾಸು ಕಟ್ಟಿರುತ್ತದೆ. ಹಗಲು ಬಿಸಿಲನ್ನು ಹೀರಿ ಸಂಜೆ ಬೆಳಕು ಕೊಡುವ ಬಟ್ಟೆ ಅದು. ಎಲ್ಲರೂ ನಡೆಯುವುದರಿಂದ ಚಪ್ಪಲಿಯವರಿಗೆ ವೈದ್ಯರಷ್ಟೇ ಮರ್ಯಾದೆ. ಗಿರಾಕಿಗಳು ತಮ್ಮ ಮನೆಯಲ್ಲೇ ಹೆಜ್ಜೆಮಣೆಯ ಮೇಲೆ ನಿಂತರೆ ಸಾಕು, ಒಂದೊಂದು ಪಾದದ ಅಳತೆಯೂ ಭಾರವೂ ಬೇರೆಬೇರೆಯಾಗಿ ನಮ್ಮಲ್ಲಿಗೆ ಬರುತ್ತವೆ. ಯಾರದೇ ಎರಡು ಪಾದಗಳು ಒಂದೇ ಸಮ ಇರುತ್ತವೆಂದು ಇಲ್ಲಿ ಯಾರೂ ಅಂದುಕೊಳ್ಳುವುದಿಲ್ಲ.

ನಮ್ಮ ಅಂಗಡಿ ಇಲ್ಲಿಯವರೆಗೆ ಬಂದದ್ದು ನನ್ನ ಅಜ್ಜಿಯ ಅಜ್ಜಿ ನೀಲವ್ವನಿಂದ. ಆಕೆ ನಿಮ್ಮ ಕಾಲದವಳು. ಮುಪ್ಪಿನಲ್ಲಿ ತನ್ನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟ ಕಥೆಯನ್ನು ಇವತ್ತು ಮತ್ತೆ ಕೇಳಿದೆ. ಅದನ್ನೇ ನಿಮಗೆ ಬರೆಯುತ್ತಿದ್ದೇನೆ.

ಸಿದ್ಧ ಚಪ್ಪಲಿ ಹೊಂದದ ಕಾಲುಗಳಿಗೆ ನೀಲವ್ವ ಮತ್ತು ಆಕೆಯ ಗಂಡ ಫಕ್ಕೀರಪ್ಪ ಚಪ್ಪಲಿ ಮಾಡಿಕೊಡುತ್ತಿದ್ದರು: ಪೋಲಿಯೊ ಆದವರಿಗೆ, ಸಕ್ಕರೆ ಕಾಯಿಲೆಯಿಂದ ಬೆರಳು ಕಳೆದುಕೊಂಡವರಿಗೆ. ಬೋರ್ಡು ಕೂಡ ಇಲ್ಲದ ಅಂಗಡಿ; ಜನ ಕೇಳಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ರಸ್ತೆ ಅಗಲ ಮಾಡಲು ಆ ಅಂಗಡಿ ಸಾಲನ್ನೇ ಕೆಡವುತ್ತಾರೆಂದು ಖಚಿತವಾಯಿತು. ಸಿಕ್ಕ ಹೊಸ ಜಾಗ ಎಲ್ಲೋ ಒಂದು ಓಣಿಯ ಒಳಗೆ. ಹಳ್ಳಿಗಳಿಂದ ಬರುವವರು ಅದನ್ನು ಹುಡುಕುವುದು ಹೇಗೆ? ಅಂಗಡಿ ಉಳಿಯಬೇಕಾದರೆ ವೆಬ್‌ಸೈಟ್ ಆಗಲೇಬೇಕಿತ್ತು.

ಫಕ್ಕೀರಪ್ಪನ ತಂಗಿಯ ಮಗಳು ವೀಣಾ ಹುಬ್ಬಳ್ಳಿಯಿಂದ ಬಂದು ಕೆಲವು ಸಾಫ್ಟ್‌ವೇರ್‌ಗಳನ್ನು ತೋರಿಸಿದಳು. ಒಂದಂತೂ ಕಣ್ಣು ಕುಕ್ಕುವಂತಿತ್ತು. ಚಪ್ಪಲಿಗಳು ಪರದೆಯ ಮೇಲೆ ತಾವಾಗಿಯೇ ತಿರುಗುತ್ತಿದ್ದವು.

“ಇದನ್ನ ಹಿಡಿಯೂಣು,” ಎಂದ ಫಕ್ಕೀರಪ್ಪ. “ನಮ್ಮ ಅಂಗಡಿ ಅಂದ್ರ ನಾನ ನಂಬಾಂಗಿಲ್ಲ, ಹಂಗ್ ಕಾಣಾಕತ್ತೈತಿ!”

ಅಂದೇ ಮುಗಿಸಿಬಿಡೋಣವೆಂದಾಯಿತು. ಅಷ್ಟರಲ್ಲಿ ಹಳೆಯ ಗಿರಾಕಿ ಖಾದರಬಿ ಚಪ್ಪಲಿ ಒಯ್ಯಲು ಬಂದಳು. ಆಕೆ ಅಂಗನವಾಡಿ ಕಾರ್ಯಕರ್ತೆ; ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವಳ ಎಡಗಾಲು ಸಣ್ಣದಾಗಿ ಉಳಿದಿತ್ತು.

“ಖಾದರಬಿ, ಇದರಾಗ ಒಂದ್ ಜೋಡಿ ನೀವ ಆರ್ಡರ್ ಮಾಡ್ರಿ, ನೋಡೂಣು,” ಎಂದು ನೀಲವ್ವ ಫೋನು ಕೊಟ್ಟಳು.

ಖಾದರಬಿ ಐದನ್ನು ಒತ್ತಿದಳು. ಜೋಡಿಯೇ ಐದಾಯಿತು. ಏಳನ್ನು ಒತ್ತಿದಳು. ಐದು ಮಾಯವಾಯಿತು. ಮತ್ತೆ ಮತ್ತೆ ಒತ್ತಿ, ಕೊನೆಗೆ ಫೋನು ಕೆಳಗಿಟ್ಟಳು.

“ಎಡಗಾಲಿಗೆ ಐದು, ಬಲಗಾಲಿಗೆ ಏಳು ಅಂತ ಹೇಳಾಕ ಇದರಾಗ ಜಾಗಾನ ಇಲ್ಲಲ್ಲ ನೀಲವ್ವಾ. ಎರಡು ಜೋಡಿ ತಗೋ ಅಂತೈತಿ. ಪ್ಯಾಟ್ಯಾಗಿನ ಅಂಗಡಿಯವ್ರೂ ನನಗ ಹಿಂಗ ಅಂತಿದ್ರು.”

ವೀಣಾ ಆ ಕಂಪನಿಗೆ ಫೋನು ಮಾಡಿದಳು. ಅವರ ವಿನ್ಯಾಸದಲ್ಲಿ ಅಂಥ ಬದಲಾವಣೆ ಸಾಧ್ಯವಿರಲಿಲ್ಲ. ಮುಂದೆಂದಾದರೂ ಆ ಸಾಫ್ಟ್‌ವೇರ್ ಬಿಡುವುದಾದರೆ ಗಿರಾಕಿಗಳ ಅಳತೆಗಳನ್ನು ತಮ್ಮೊಂದಿಗೆ ಒಯ್ಯಬಹುದೇ ಎಂದು ಕೇಳಿದಳು. ಅದೂ ಆಗುವುದಿಲ್ಲವಂತೆ.

“ನಮ್ಮ ಮಂದೀ ಅಳತಿ ನಮ್ಮ ಕೈಗೇ ಬರೂದಿಲ್ಲಂದ್ರ ಅದು ನಮ್ಮ ಅಂಗಡಿ ಹೆಂಗಾತು?” ಎಂದಳು ನೀಲವ್ವ. “ಇದು ಬ್ಯಾಡ.”

ಫಕ್ಕೀರಪ್ಪನ ಮುಖ ಸಣ್ಣದಾಯಿತು. “ಚಂದ ಇರಲಿಲ್ಲಂದ್ರ ಯಾರ್ ನೋಡ್ತಾರ?”

“ನಾವು ಮಾಡಾಕತ್ತಿದ್ದು ನೋಡಾವ್ರಿಗಲ್ಲ, ನಡಿಯಾವ್ರಿಗೆ.”

ವೀಣಾ ಮತ್ತೊಂದು ಸಾಫ್ಟ್‌ವೇರ್ ತೆರೆದಳು. ಬಿಳಿ ಪುಟ, ದಪ್ಪ ಅಕ್ಷರ, ತಿರುಗುವುದು ಹಾರುವುದು ಏನೂ ಇಲ್ಲ. ಆದರೆ ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಖಾನೆ ಮಾಡಲು ಬಂತು. ಕಾಗದದ ಮೇಲೆ ಪಾದವಿಟ್ಟು ಗೆರೆ ಎಳೆದು, ಅದರ ಫೋಟೊ ಕಳಿಸಲೂ ಬಂತು. ಇದ್ದಬದ್ದದ್ದನ್ನೆಲ್ಲ ಬೇಕೆಂದಾಗ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು. ಪುಟ ತಯಾರಾದ ಮೇಲೆ ಖಾದರಬಿ ತನ್ನ ಹಳೆಯ ಫೋನಿನಲ್ಲೇ ಅದನ್ನು ತೆರೆದು, ತಾನೇ ಐದು, ಏಳು ಒತ್ತಿ ಕಳಿಸಿ, “ಹೋತು! ಹೋತು ನೋಡ್ರಿ!” ಎಂದು ನಕ್ಕಳು.

ಅಂಗಡಿ ಸಾಲು ಬಿತ್ತು. ಓಣಿಯೊಳಗೆ ಯಾರೂ ಬರಲಿಲ್ಲ. ಪರದೆಯೂ ಸುಮ್ಮನಿತ್ತು. ಕೆಲಸವಿಲ್ಲದಿದ್ದರೂ ಫಕ್ಕೀರಪ್ಪ ದಿನಾ ಉಳಿ ಮಸೆದಿಡುತ್ತಿದ್ದ. ಅದೇ ನೀಲವ್ವನಿಗೆ ಹೆಚ್ಚು ಕಷ್ಟವಾಗುತ್ತಿತ್ತು. ತಾನು ಹಟ ಮಾಡಿ ಮನೆಯ ಅನ್ನ ಕಳೆದೆನೇನೋ ಎಂದು ಆಕೆ ಒಳಗೊಳಗೇ ಬೆಂದಳು.

ಆಮೇಲೆ ಒಂದು ಬೆಳಿಗ್ಗೆ ರಾಯಚೂರಿನಿಂದ, ಗುರುತೇ ಇಲ್ಲದವರೊಬ್ಬರ ಆರ್ಡರ್ ಬಂತು. ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು. ಕೆಳಗೆ ಬರೆದಿದ್ದರು: “ಎರಡು ಖಾನಿ ನೋಡಿ ಭಾಳ ಖುಷಿ ಆತ್ರಿ. ನಮ್ಮಂಥವ್ರನ್ನ ನೆನಸಿ ಮಾಡ್ಯಾರ ಅನ್ನಿಸ್ತು.” ಫಕ್ಕೀರಪ್ಪ ಅದನ್ನು ಗಟ್ಟಿಯಾಗಿ ಓದಿ, ಹೆಂಡತಿಯ ಕಡೆ ನೋಡಿ, ಅಟ್ಟದ ಮೇಲಿನಿಂದ ತೊಗಲು ಇಳಿಸತೊಡಗಿದ. “ಅವತ್ತ ಎದಿ ಮ್ಯಾಲಿನ ಭಾರ ಇಳೀತು ನೋಡು,” ಎನ್ನುವಾಗ ನೀಲವ್ವನ ದನಿ ಈಗಲೂ ಹಗುರಾಗುತ್ತದೆ.

ಆ ಚಂದದ ಕಂಪನಿ ಕೆಲವು ವರ್ಷಗಳಲ್ಲಿ ಮುಚ್ಚಿತು. ಅದರ ಜೊತೆಗೆ ಎಷ್ಟೋ ಅಂಗಡಿಗಳು ಪರದೆಯಿಂದ ಅಳಿಸಿಹೋದವು. ನಮ್ಮ ಅಳತೆಗಳು ಮಾತ್ರ ಒಂದು ಸಾಧನದಿಂದ ಇನ್ನೊಂದಕ್ಕೆ ಮನೆ ಬದಲಿಸುತ್ತಾ ನನ್ನ ಕೈವರೆಗೆ ಬಂದಿವೆ. ರಾಯಚೂರಿನ ಆ ಗಿರಾಕಿಯ ಮರಿಮಗಳಿಗೆ ಹೋದ ತಿಂಗಳು ನಾನೇ ಚಪ್ಪಲಿ ಮಾಡಿ ಕಳಿಸಿದೆ.

ನಿಮ್ಮಲ್ಲಿ ನನ್ನದೊಂದು ವಿನಂತಿ. ಯಾವುದನ್ನೇ ಆರಿಸುವ ಮೊದಲು, ಮುಂದೆ ಅದನ್ನು ಬಿಡುವುದಾದರೆ ಏನೇನು ನಿಮ್ಮ ಕೈಗೆ ಬರುತ್ತದೆಂದು ಕೇಳಿ. ಆಮೇಲೆ, ನಿಮ್ಮ ಗಿರಾಕಿಗಳಲ್ಲಿ ಎಲ್ಲೂ ಹೊಂದದವರೊಬ್ಬರನ್ನು ಕರೆದು, ಕುರ್ಚಿ ಹಾಕಿ ಕೂರಿಸಿ, ಫೋನನ್ನು ಅವರ ಕೈಗೇ ಕೊಡಿ. ನೀವು ಬಾಯಿ ಹಾಕಬೇಡಿ. ಅವರ ಮುಖ ನೋಡುತ್ತಿರಿ, ಸಾಕು.